ಮನೆಗೆಲಸವೂ ಮಕ್ಕಳ ವಿದ್ಯೆಯೂ: ಪೆಸ್ಟಲಾಜಿ ಮಹಾಶಯನ ಚರಿತ್ರೆ

ವಿದ್ಯೆಯೆಂದರೆ ಪಾಠಶಾಲೆಯಲ್ಲಿ ದೊರೆಯತಕ್ಕದ್ದು, ಮನೆಗೆಲಸವೆಂದರೆ ಆ ವಿದ್ಯೆಗೆ ಅಡ್ಡಿಯಾಗತಕ್ಕದ್ದು ಎಂಬ ಭಾವನೆಯು ನಮ್ಮ ಪಟ್ಟಣವಾಸಿಗಳಲ್ಲಿ ಬಲವಾಗಿ ಬೇರೂರಿದೆ. ಪರೀಕ್ಷೆಯು ಸಮೀಪಿಸಿತೆಂದರೆ ಮಗನು ಅಂಗಡಿಗೆ ಹೋಗಬೇಕಾಗಿಲ್ಲ. ಉಂಡ ತಟ್ಟೆಯನ್ನು ಎತ್ತಬೇಕಾಗಿಲ್ಲ. ಮಗಳಾದರೋ ಓದಿನ ನಡುವೆಯೇ ಎದ್ದು ಒಲೆಯ ಮುಂದೆ ನಿಲ್ಲಬೇಕು. ಆದರೆ ಅಲ್ಲಿ ಆಕೆಯು ಮಾಡುವ ಕೆಲಸದಲ್ಲಿ ವಿದ್ಯೆಯ ಅಂಶವು ಏನಾದರೂ ಉಂಟೆಂದು ಯಾರೂ ಎಣಿಸುವುದಿಲ್ಲ. ಹೀಗೆ ಒಬ್ಬನಿಗೆ ಕೆಲಸವಿಲ್ಲದ ವಿದ್ಯೆಯೂ, ಇನ್ನೊಬ್ಬಳಿಗೆ ವಿದ್ಯೆಯಿಲ್ಲದ ಕೆಲಸವೂ ಪಾಲಿಗೆ ಬರುತ್ತವೆ. ಇವೆರಡೂ ಮಕ್ಕಳಿಗೆ ಅನ್ಯಾಯವೇ ಎಂದು ಇನ್ನೂರು ವರ್ಷಗಳಿಗೂ ಹಿಂದೆ ಕಂಡುಕೊಂಡು, ಆ ಕಾಣ್ಕೆಗಾಗಿ ತನ್ನ ಹಣವನ್ನೂ ನೆಮ್ಮದಿಯನ್ನೂ ತೆತ್ತ ಒಬ್ಬ ಮಹಾಶಯನಿದ್ದನು. ಆತನು ಸ್ವಿಟ್ಜರ್ಲೆಂಡ್ ದೇಶದ ಯೋಹಾನ್ ಹೈನ್ರಿಕ್ ಪೆಸ್ಟಲಾಜಿ. ಉಪಾಧ್ಯಾಯರ ತರಬೇತಿ ಶಾಲೆಗಳಲ್ಲಿ ಆತನ ಹೆಸರನ್ನು ಕಂಠಪಾಠ ಮಾಡಿದವರು ನಮ್ಮಲ್ಲಿ ಅನೇಕರಿದ್ದಾರೆ. ಆತನ ಬಾಳನ್ನು ಬಲ್ಲವರು ಕಡಮೆ. ಆತನ ಸೋಲುಗಳು ಗೆಲುವುಗಳಿಗಿಂತ ಹೆಚ್ಚು ಬೋಧಪ್ರದವಾದುವೆಂಬುದು ನಮ್ಮ ಅಭಿಪ್ರಾಯ. ಆದುದರಿಂದ ಆ ಚರಿತ್ರೆಯನ್ನು ಇಂದು ವಾಚಕರ ಮುಂದಿಡುತ್ತೇವೆ.

ಪೆಸ್ಟಲಾಜಿಯು 1746ನೆಯ ಇಸವಿ ಜನವರಿ 12ರಂದು ಜೂರಿಚ್ ನಗರದಲ್ಲಿ ಜನಿಸಿದನು. ತಂದೆಯು ಶಸ್ತ್ರವೈದ್ಯ, ನೇತ್ರಚಿಕಿತ್ಸೆಯಲ್ಲಿ ನುರಿತವನು. ಮಗನಿಗೆ ಐದು ವರ್ಷಗಳಾಗಿದ್ದಾಗಲೇ, 1751ರಲ್ಲಿ, ಆತನು ಹೆಂಡತಿಯನ್ನೂ ಎಳೆಯ ಮಕ್ಕಳನ್ನೂ ಬಿಟ್ಟು ತೀರಿಹೋದನು. ಮನೆಯಲ್ಲಿ ಬಾರ್ಬರಾ ಶ್ಮಿಡ್ ಎಂಬ ಹಳ್ಳಿಯ ಹೆಂಗಸೊಬ್ಬಳು ಕೆಲಸಕ್ಕಿದ್ದಳು; ಮಕ್ಕಳು ಆಕೆಯನ್ನು ಬಾಬೆಲಿ ಎಂದು ಕರೆಯುತ್ತಿದ್ದರು. ಮರಣಶಯ್ಯೆಯಲ್ಲಿದ್ದ ಯಜಮಾನನು ಈ ಸಂಸಾರದ ಕೈಬಿಡಬೇಡವೆಂದು ಬೇಡಿಕೊಳ್ಳಲು, ಆಕೆಯು ಬಿಡುವುದಿಲ್ಲವೆಂದು ಮಾತು ಕೊಟ್ಟಳು. ಕೊಟ್ಟ ಮಾತನ್ನು ಬದುಕಿರುವವರೆಗೂ ನಡೆಸಿದಳು. ವಿಧವೆಯಾದ ತಾಯಿ ಸುಸಾನಾಳೂ ಈ ಸೇವಕಿಯೂ ಸೇರಿ ಅಲ್ಪ ಆದಾಯದಲ್ಲಿ ಮಾನದಿಂದ ಮನೆಯನ್ನು ತೂಗಿಸಿದರು. ತರಕಾರಿಯವರು ಅಂಗಡಿ ಎತ್ತುವ ಹೊತ್ತಿನವರೆಗೆ ಕಾದಿದ್ದು, ನಾಲ್ಕು ಕಾಸು ಉಳಿಯುವಂತೆ ಕೊಂಡು ತರುವುದು ಬಾಬೆಲಿಯ ಕ್ರಮ. ಬಟ್ಟೆಯೂ ಜೋಡೂ ಸವೆಯಬಾರದೆಂದು ಮಕ್ಕಳನ್ನು ಸುಮ್ಮನೆ ಬೀದಿಗೆ ಬಿಡುತ್ತಿರಲಿಲ್ಲ. ಇದರಿಂದ ಬಾಲಕನು ಹೊರಗಿನ ವ್ಯವಹಾರದಲ್ಲಿ ಅನನುಭವಿಯಾಗಿ ಬೆಳೆದನೆಂಬುದು ನಿಜ. ಆ ಕುಂದು ಅವನನ್ನು ಕೊನೆಯವರೆಗೂ ಬಿಡಲಿಲ್ಲ. ಆದರೆ ಅಕ್ಷರ ಹೆಚ್ಚು ತಿಳಿಯದ ಒಬ್ಬ ಹೆಂಗಸು ಲೆಕ್ಕವನ್ನೂ ಮಿತವ್ಯಯವನ್ನೂ ನಿಷ್ಠೆಯನ್ನೂ ಮನೆಯ ಕೆಲಸದ ಮೂಲಕವೇ ಕಲಿಸಬಲ್ಲಳೆಂಬ ನಂಬಿಕೆಯು ಅವನ ಮನಸ್ಸಿನಲ್ಲಿ ಆಗಲೇ ಮೊಳೆಯಿತು.

ಅವನ ಅಜ್ಜನು ಜೂರಿಚ್ ಸಮೀಪದ ಹಾಂಗ್ ಎಂಬ ಹಳ್ಳಿಯಲ್ಲಿ ಪಾದ್ರಿಯಾಗಿದ್ದನು. ರಜೆಯ ದಿನಗಳಲ್ಲಿ ಬಾಲಕನು ಅಜ್ಜನೊಡನೆ ಬಡವರ ಗುಡಿಸಿಲುಗಳಿಗೂ ಹಳ್ಳಿಯ ಶಾಲೆಗೂ ಹೋಗುತ್ತಿದ್ದನು. ಹತ್ತಿಯ ನೂಲುವಿಕೆಯು ಆ ಸೀಮೆಯ ಮನೆಮನೆಗೂ ನುಗ್ಗುತ್ತಿದ್ದ ಕಾಲವದು. ಎಳೆಯ ಮಕ್ಕಳು ಕತ್ತಲೆಯ ಕೋಣೆಗಳಲ್ಲಿ ರಾಟೆಯ ಮುಂದೆ ಕುಳಿತು ಬಾಡುತ್ತಿದ್ದರು. ಶಾಲೆಯಲ್ಲಿ ಕುಳಿತವರಾದರೋ ಅರ್ಥವರಿಯದ ಧರ್ಮಪ್ರಶ್ನೋತ್ತರಗಳನ್ನು ಉರುಹೊಡೆಯುತ್ತಿದ್ದರು. ಕೆಲಸದಲ್ಲಿ ಬುದ್ಧಿಯಿಲ್ಲ, ಪಾಠದಲ್ಲಿ ಬಾಳಿಲ್ಲ. ಈ ಎರಡು ದೃಶ್ಯಗಳನ್ನು ಆತನು ಎಂದಿಗೂ ಮರೆಯಲಿಲ್ಲ.

ಜೂರಿಚ್ಚಿನ ವಿದ್ಯಾಲಯದಲ್ಲಿ ಆತನಿಗೆ ಬೋಡ್ಮರ್ ಎಂಬ ಪಂಡಿತನ ಶಿಷ್ಯತ್ವವು ಲಭಿಸಿತು. ದೇಶಭಕ್ತಿಯೂ ಸರಳ ಜೀವನವೂ ಆ ಗುರುವಿನ ಉಪದೇಶ. 1762ರಲ್ಲಿ ರೂಸೋ ಮಹಾಶಯನ ಎಮೀಲ್ ಎಂಬ ಗ್ರಂಥವು ಪ್ರಕಟವಾಗಿ ಯೂರೋಪನ್ನು ಕಲಕಿತು; ಜಿನೀವಾದಲ್ಲಿ ಅದನ್ನು ಅಧಿಕಾರಿಗಳು ಸುಡಿಸಿದರು. ತರುಣ ಪೆಸ್ಟಲಾಜಿಯು ಅದನ್ನು ಓದಿ ಮುಗ್ಧನಾದನು. ಪಾದ್ರಿಯ ವೃತ್ತಿಯನ್ನೂ ನ್ಯಾಯವಾದಿಯ ವೃತ್ತಿಯನ್ನೂ ಕೈಬಿಟ್ಟು, ಮಣ್ಣನ್ನು ಉತ್ತು ಬಡವರ ಮಧ್ಯದಲ್ಲಿ ಬಾಳಬೇಕೆಂದು ನಿಶ್ಚಯಿಸಿದನು. ಒಬ್ಬ ಪ್ರಸಿದ್ಧ ಕೃಷಿಕನ ಬಳಿಯಲ್ಲಿ ಕೆಲವು ತಿಂಗಳು ಬೇಸಾಯವನ್ನು ಕಲಿತು, 1769ರಲ್ಲಿ ಅನ್ನಾ ಶುಲ್ಟ್‌ಹೆಸ್ ಎಂಬ ವರ್ತಕರ ಮನೆತನದ ಕನ್ಯೆಯನ್ನು ವಿವಾಹವಾದನು. ಆರ್ಗೌ ಪ್ರಾಂತದ ಬಿರ್ ಎಂಬ ಹಳ್ಳಿಯ ಹತ್ತಿರ ಬರಡು ನೆಲವನ್ನು ಕೊಂಡು, ಮನೆಯನ್ನು ಕಟ್ಟಿ, ಅದಕ್ಕೆ ಹೊಸ ತೋಟವೆಂಬರ್ಥದ ನಾಯ್‌ಹೋಫ್ ಎಂಬ ಹೆಸರನ್ನಿಟ್ಟನು. ಕೆಂಪು ಬಣ್ಣವನ್ನು ಕೊಡುವ ಮಂಜಿಷ್ಠದ ಜಾತಿಯ ಗಿಡವನ್ನು ಬೆಳೆದು ಶ್ರೀಮಂತನಾಗುವೆನೆಂದು ಎಣಿಸಿದ್ದನು. ಭೂಮಿಯು ಒಲಿಯಲಿಲ್ಲ; ಸಾಲ ಕೊಟ್ಟವರು ಹಿಂದೆಗೆದರು; ಹೆಂಡತಿಯ ಆಸ್ತಿಯು ಕರಗತೊಡಗಿತು.

ಬೇರೆಯವನಾಗಿದ್ದರೆ ಇಲ್ಲಿಗೆ ಬುದ್ಧಿ ಕಲಿತು ಪಟ್ಟಣಕ್ಕೆ ಮರಳುತ್ತಿದ್ದನು. ಪೆಸ್ಟಲಾಜಿಯು ತಾನೇ ಮುಳುಗುತ್ತಿರುವಾಗ ಇತರರನ್ನು ಎತ್ತಲು ಹೊರಟನು. 1774ರಲ್ಲಿ ಬೀದಿಯಲ್ಲಿ ಭಿಕ್ಷೆ ಬೇಡುತ್ತಿದ್ದ ಅನಾಥ ಬಾಲಕ ಬಾಲಕಿಯರನ್ನು ಕರೆತಂದು ತನ್ನ ಮನೆಯಲ್ಲಿಯೇ ಇರಿಸಿಕೊಂಡನು. ಅವರು ಬೇಸಗೆಯಲ್ಲಿ ಹೊಲದಲ್ಲಿ ದುಡಿಯುವುದು, ಚಳಿಗಾಲದಲ್ಲಿ ಹತ್ತಿಯನ್ನು ನೂಲುವುದು ನೇಯುವುದು. ಹುಡುಗಿಯರು ಅಡುಗೆ, ಹೊಲಿಗೆ, ತೋಟದ ಕೆಲಸಗಳನ್ನು ಕಲಿಯುವುದು. ಕೈ ಕೆಲಸದಲ್ಲಿರುವಾಗಲೇ ಬಾಯಿಯಿಂದ ಓದು ಲೆಕ್ಕಗಳ ಪಾಠವನ್ನು ಒಪ್ಪಿಸುವುದು. ಮಕ್ಕಳ ದುಡಿಮೆಯ ಹಣದಿಂದ ಮಕ್ಕಳ ಅನ್ನವಸ್ತ್ರಗಳ ವೆಚ್ಚವು ಸಾಗುವುದು. ಇದು ಆತನ ಯೋಜನೆ. ಕಾಗದದ ಮೇಲೆ ಇದಕ್ಕಿಂತ ಸೊಗಸಾದ ಯೋಜನೆಯು ಇರಲಾರದು. ಆರಂಭದಲ್ಲಿ ಮಕ್ಕಳ ಮೈಯಲ್ಲಿ ರಕ್ತ ತುಂಬಿತು. ಕಣ್ಣಿನಲ್ಲಿ ಕಳೆ ಬಂದಿತು.

ಆದರೂ 1780ರಲ್ಲಿ ಈ ಆಶ್ರಮವು ಮುಚ್ಚಿಹೋಯಿತು. ಕಾರಣವೇನು? ಮಕ್ಕಳಿಗೆ ಹೊಸ ಬಟ್ಟೆ ದೊರೆತೊಡನೆಯೇ ತಂದೆತಾಯಿಗಳು ಬಂದು ಕರೆದೊಯ್ಯುತ್ತಿದ್ದುದು ಒಂದು. ಆತನಿಗೆ ವ್ಯಾಪಾರ ತಿಳಿಯದಿದ್ದುದು ಇನ್ನೊಂದು. ಮಕ್ಕಳು ಒರಟು ನೂಲನ್ನು ನೆಟ್ಟಗೆ ಎಳೆಯಲು ಕಲಿಯುವ ಮೊದಲೇ ಅತಿ ನಯವಾದ ನೂಲನ್ನು ತೆಗೆಯಿಸಲು ಆತುರಪಟ್ಟೆನೆಂದು ಆತನೇ ಮುಂದೆ ಒಪ್ಪಿಕೊಂಡಿದ್ದಾನೆ. ಇವುಗಳಿಗಿಂತ ಆಳವಾದ ಕಾರಣವೊಂದು ನಮಗೆ ತೋರುತ್ತದೆ. ಮಗುವಿನ ಕೈಯಿಂದ ಬರುವ ನೂಲು ಮಾರಾಟವಾಗಲೇಬೇಕು, ಇಲ್ಲವಾದರೆ ನಾಳೆಯ ಗಂಜಿಗೆ ಕೊರತೆ ಎಂಬ ಸ್ಥಿತಿಯಲ್ಲಿ ರಾಟೆಯು ಪಾಠವನ್ನು ನುಂಗಿಬಿಡುತ್ತದೆ. ಎಳೆ ಕಡಿದಾಗ ಏಕೆ ಕಡಿಯಿತೆಂದು ಕೇಳುವುದಕ್ಕೆ ಗುರುವಿಗೆ ಬಿಡುವಿರಬೇಕು. ಎಷ್ಟು ಲಡಿಯಾಯಿತೆಂದು ಮಾತ್ರ ಕೇಳುವ ಮನೆಯು ಪಾಠಶಾಲೆಯಲ್ಲ, ಕಾರ್ಖಾನೆ.

ಇದೇ ಕಾಲದಲ್ಲಿ ಆತನ ಸ್ವಂತ ಮಗನ ವಿಷಯದಲ್ಲಿಯೂ ಬೇರೊಂದು ಸೋಲು ಕಾದಿತ್ತು. 1770ರಲ್ಲಿ ಹುಟ್ಟಿದ ಒಬ್ಬನೇ ಮಗನಿಗೆ ರೂಸೋವಿನ ಹೆಸರನ್ನೇ ಇಟ್ಟು, ಆ ಗ್ರಂಥದಲ್ಲಿ ಹೇಳಿದ ಪ್ರಕಾರ ಪ್ರಕೃತಿಯ ಮಡಿಲಿನಲ್ಲಿ ಬೆಳೆಯಿಸಲು ತಂದೆಯು ಯತ್ನಿಸಿದನು. ದಿನದಿನದ ಪಾಠಗಳನ್ನು ದಿನಚರಿಯಲ್ಲಿ ಬರೆದಿಟ್ಟನು. ಹನ್ನೊಂದು ವರ್ಷ ತುಂಬಿದರೂ ಬಾಲಕನಿಗೆ ಓದುಬರಹಗಳು ಸರಿಯಾಗಿ ಬರಲಿಲ್ಲ. ಆ ಮಗನು ಅಪಸ್ಮಾರ ರೋಗದಿಂದ ನರಳಿ 1801ರಲ್ಲಿ ತಂದೆಗಿಂತ ಮೊದಲೇ ತೀರಿಕೊಂಡನು. ಮಗುವನ್ನು ಅದರ ಪಾಡಿಗೆ ಬಿಟ್ಟರೆ ಪ್ರಕೃತಿಯೇ ಎಲ್ಲವನ್ನೂ ಕಲಿಸುವುದೆಂಬ ಸಿದ್ಧಾಂತವು ಹೀಗೆ ಆತನ ಮನೆಯಲ್ಲಿಯೇ ಮುರಿದುಬಿದ್ದಿತು. ಕೆಲಸವೂ ತಾನಾಗಿ ಕಲಿಸದು, ಪ್ರಕೃತಿಯೂ ತಾನಾಗಿ ಕಲಿಸದು. ಮಗುವಿನ ಪಕ್ಕದಲ್ಲಿ ನಿಂತು ಮಾತನಾಡುವ, ಎಣಿಸುವ, ಕೇಳುವ ಹಿರಿಯ ಜೀವವೊಂದು ಬೇಕು. ಈ ತಥ್ಯವನ್ನು ಆತನು ದುಬಾರಿ ಬೆಲೆ ತೆತ್ತು ಕಲಿತನು.

ಆಶ್ರಮವು ಮುಚ್ಚಿದ ಮೇಲೆ ನಾಯ್‌ಹೋಫಿನ ಮನೆಯು ಹಾಳು ಸುರಿಯುತ್ತಿತ್ತು. ಹೆಂಡತಿಯು ಕಾಯಿಲೆ ಬಿದ್ದಿದ್ದಳು. ನೆಂಟರಿಷ್ಟರು ದೂರ ಸರಿದಿದ್ದರು. ಆಗ ಎಲಿಜಬೆತ್ ನೆಫ್ ಎಂಬ ಸೇವಕಿಯೊಬ್ಬಳು, ಈ ಸಂಸಾರದ ದುರವಸ್ಥೆಯನ್ನು ಕೇಳಿ, ತಾನಾಗಿ ಬಂದು ಸೇರಿದಳು. ತೋಟವನ್ನು ಅಗೆದಳು, ಮನೆಯನ್ನು ಗುಡಿಸಿ ಒಪ್ಪಮಾಡಿದಳು, ಒಲೆಯನ್ನು ಹೊತ್ತಿಸಿದಳು. ಬಾಲ್ಯದಲ್ಲಿ ಬಾಬೆಲಿ ಹೇಗೋ ನಡುವಯಸ್ಸಿನಲ್ಲಿ ಈಕೆ ಹಾಗೆ. ಈ ಹೆಂಗಸಿನ ಕೈಗೆಲಸವನ್ನು ನೋಡುತ್ತ ಕುಳಿತ ಆ ನಿರ್ಗತಿಕನು ಲೇಖನಿಯನ್ನು ಹಿಡಿದನು. 1781ರಲ್ಲಿ ಲೀನ್‌ಹಾರ್ಡ್ ಮತ್ತು ಗೆರ್ಟ್ರೂಡ್ ಎಂಬ ಆತನ ಕಥಾಗ್ರಂಥದ ಮೊದಲ ಭಾಗವು ಹೊರಬಿದ್ದಿತು. ಉಳಿದ ಮೂರು ಭಾಗಗಳು 1787ರೊಳಗೆ ಬಂದುವು. ಕಥಾನಾಯಿಕೆಗೆ ಈ ಸೇವಕಿಯೇ ಮಾದರಿಯೆಂದು ಹೇಳುವುದುಂಟು.

ಬೊನ್ನಾಲ್ ಎಂಬ ಕಲ್ಪಿತ ಗ್ರಾಮ. ಲೀನ್‌ಹಾರ್ಡನು ಗಾರೆಕೆಲಸದವನು, ಒಳ್ಳೆಯವನಾದರೂ ಕುಡಿತಕ್ಕೆ ಬಲಿಯಾದವನು. ಗ್ರಾಮಾಧಿಕಾರಿಯೇ ಹೆಂಡದಂಗಡಿಯ ಒಡೆಯನಾಗಿದ್ದು, ಬಡವರನ್ನು ಸಾಲದ ಬಲೆಯಲ್ಲಿ ಕೆಡವಿದ್ದನು. ಗೆರ್ಟ್ರೂಡಳು ಧೈರ್ಯಮಾಡಿ ಜಮೀನುದಾರನ ಬಳಿಗೆ ಹೋಗಿ ದೂರನ್ನು ಹೇಳಿಕೊಂಡು, ಗಂಡನನ್ನೂ ಕ್ರಮೇಣ ಗ್ರಾಮವನ್ನೂ ಉದ್ಧರಿಸುತ್ತಾಳೆ. ಕಥೆಯು ಇಷ್ಟೇ. ಆದರೆ ಅದರ ತಿರುಳು ಗೆರ್ಟ್ರೂಡಳ ಮನೆಯೊಳಗಿದೆ. ಆಕೆಯ ಮಕ್ಕಳು ನೂಲುತ್ತ ಕುಳಿತಿರುತ್ತಾರೆ. ಪಾಠಕ್ಕೆಂದು ಬೇರೆ ಗಂಟೆಯಿಲ್ಲ, ಬೇರೆ ಪೀಠವಿಲ್ಲ. ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಎಷ್ಟು ಹೆಜ್ಜೆಯೆಂದು ಎಣಿಸುವುದೇ ಲೆಕ್ಕದ ಮೊದಲ ಪಾಠ. ಕಿಟಕಿಯಲ್ಲಿ ಐದೈದು ಗಾಜುಗಳ ಎರಡು ಸಾಲುಗಳಿವೆ. ಅವನ್ನು ನೋಡಿಯೇ ಐದು ಹತ್ತರಲ್ಲಿ ಅರ್ಧವೆಂದೂ, ಎರಡು ಐದುಗಳು ಹತ್ತೆಂದೂ ಮಕ್ಕಳು ಕಣ್ಣಾರೆ ತಿಳಿಯುತ್ತಾರೆ. ನೂಲುವಾಗ ಎಳೆಗಳನ್ನೂ, ಲಡಿ ಸುತ್ತುವಾಗ ಸುತ್ತುಗಳನ್ನೂ ಎಣಿಸುತ್ತಾರೆ; ಕೂಡಿಸುತ್ತಾರೆ, ಕಳೆಯುತ್ತಾರೆ. ಒಲೆಯ ಬೆಂಕಿ, ಕುದಿಯುವ ನೀರು, ಏಳುವ ಹಬೆ ಇವುಗಳನ್ನು ನೋಡಿ ಪ್ರಕೃತಿಶಾಸ್ತ್ರದ ಮೊದಲಕ್ಷರಗಳನ್ನು ಕಲಿಯುತ್ತಾರೆ. ತಾಯಿಲ್ಲದ ನೆರೆಮನೆಯ ಮಕ್ಕಳೂ ಬಂದು ಸೇರಿಕೊಳ್ಳುತ್ತಾರೆ. ಆಕೆಗೆ ತಾನು ಉಪಾಧ್ಯಾಯಿನಿಯೆಂಬ ಅರಿವೇ ಇಲ್ಲ. ತಾನು ಮನೆಯನ್ನು ನಡೆಸುತ್ತಿದ್ದೇನೆಂದೇ ತಿಳಿದಿದ್ದಾಳೆ. ಮುಂದೆ ಆ ಗ್ರಾಮದಲ್ಲಿ ಹೊಸ ಶಾಲೆಯನ್ನು ತೆರೆಯಹೊರಟ ನಿವೃತ್ತ ಸೈನ್ಯಾಧಿಕಾರಿಯು ಈ ಮನೆಗೆ ಬಂದು ನೋಡಿ, ಇದೇ ತನ್ನ ಶಾಲೆಗೆ ಮಾದರಿಯೆಂದು ನಿಶ್ಚಯಿಸುತ್ತಾನೆ. ಸರ್ಕಾರದ ಅಧಿಕಾರಿಯು ಬಡವಳ ಅಡುಗೆಮನೆಗೆ ಶಿಷ್ಯನಾಗಿ ಬರುವ ಈ ಸಂದರ್ಭವನ್ನು ನಮ್ಮ ವಿದ್ಯಾಧಿಕಾರಿಗಳು ಗಮನಿಸತಕ್ಕದ್ದು.

ಗ್ರಂಥವು ಬಹಳ ಪ್ರಸಿದ್ಧಿಗೆ ಬಂದಿತು. ಬರ್ನ್ ನಗರದ ಆರ್ಥಿಕ ಸಂಘವು ಸುವರ್ಣಪದಕವನ್ನಿತ್ತಿತು. 1792ರಲ್ಲಿ ಫ್ರಾನ್ಸಿನ ಶಾಸನಸಭೆಯು ವಾಷಿಂಗ್ಟನ್ ಮೊದಲಾದವರೊಡನೆ ಆತನಿಗೂ ಗೌರವ ಪೌರತ್ವವನ್ನು ಕೊಟ್ಟಿತು. ಆದರೆ ಜನರು ಕಥೆಯನ್ನು ಸವಿದರೇ ಹೊರತು ಒಳಗಿನ ಉಪದೇಶವನ್ನು ಕೈಗೊಳ್ಳಲಿಲ್ಲ. ಇದರಿಂದ ನೊಂದು, ರೈತನ ಮನೆಯೊಂದರಲ್ಲಿ ಸಂಜೆಯ ಹೊತ್ತು ಆ ಗ್ರಂಥವನ್ನೇ ಓದಿ ಚರ್ಚಿಸುವಂತೆ ಇನ್ನೊಂದು ಪುಸ್ತಕವನ್ನು 1782ರಲ್ಲಿ ಬರೆದನು. ಅದನ್ನು ಓದಿದವರು ಇನ್ನೂ ಕಡಮೆ. ಹೀಗೆ 1780ರಿಂದ ಹದಿನೆಂಟು ವರ್ಷಗಳ ಕಾಲ ಗುರುವಾಗಬೇಕೆಂದು ಹಂಬಲಿಸಿದವನು ಶಿಷ್ಯರಿಲ್ಲದೆ ಕಳೆದನು.

1798ರಲ್ಲಿ ಫ್ರೆಂಚ್ ಸೈನ್ಯವು ಸ್ವಿಟ್ಜರ್ಲೆಂಡನ್ನು ಆಕ್ರಮಿಸಿ, ತನ್ನ ಅಂಕಿತದಲ್ಲಿ ಹೊಸ ಗಣರಾಜ್ಯವನ್ನು ಸ್ಥಾಪಿಸಿತು. ಅದಕ್ಕೆ ತಲೆಬಾಗದ ನಿಡ್‌ವಾಲ್ಡನ್ ಪ್ರಾಂತದ ಜನರ ಮೇಲೆ ಸೆಪ್ಟೆಂಬರ್ 9ರಂದು ಸೈನ್ಯವು ಬಿದ್ದು, ಸ್ಟಾನ್ಸ್ ಪಟ್ಟಣವನ್ನು ಸುಟ್ಟು ಸೂರೆಮಾಡಿತು. ಅನಾಥರಾದ ಮಕ್ಕಳನ್ನು ನೋಡಿಕೊಳ್ಳಲು ಸರ್ಕಾರಕ್ಕೆ ಒಬ್ಬನು ಬೇಕಾಗಿದ್ದನು. ಐವತ್ತೆರಡು ವಯಸ್ಸಿನ ಪೆಸ್ಟಲಾಜಿಯು ಒಪ್ಪಿಕೊಂಡು ಹೊರಟನು. 1799ರ ಜನವರಿಯಲ್ಲಿ ಒಂದು ಕ್ರೈಸ್ತ ಸನ್ಯಾಸಿನಿಯರ ಮಠದ ಕಟ್ಟಡದಲ್ಲಿ ಅನಾಥಾಲಯವು ತೆರೆಯಿತು. ಸಂಖ್ಯೆಯು ಎಂಬತ್ತರವರೆಗೆ ಏರಿತು. ಕಜ್ಜಿ ಹತ್ತಿದ ಮೈ, ಹೇನು ತುಂಬಿದ ತಲೆ, ಬೆದರಿದ ಕಣ್ಣು. ಸಹಾಯಕ್ಕೆ ಅಡುಗೆಯ ಹೆಂಗಸೊಬ್ಬಳ ಹೊರತು ಯಾರೂ ಇಲ್ಲ, ಪುಸ್ತಕಗಳಿಲ್ಲ. ಆ ಮಕ್ಕಳಾದರೋ ಕ್ಯಾಥೊಲಿಕರು, ಆತನು ಪ್ರಾಟೆಸ್ಟೆಂಟನು, ಮೇಲಾಗಿ ಶತ್ರುವೆಂದು ಜನರು ಬಗೆದಿದ್ದ ಸರ್ಕಾರದ ಸೇವಕನು. ಆತನು ಅವರೊಡನೆ ಉಂಡನು, ಅವರ ಮಧ್ಯದಲ್ಲಿ ಮಲಗಿದನು, ಮೈ ತೊಳೆದನು. ದೊಡ್ಡವರು ಚಿಕ್ಕವರಿಗೆ ಹೇಳಿಕೊಡುವಂತೆ ಏರ್ಪಡಿಸಿದನು. ಇಲ್ಲಿ ಬೋಧನೆಗಿಂತ ಮೊದಲು ಮನೆಯಿತ್ತು. ಮಕ್ಕಳು ಮನುಷ್ಯರಾಗತೊಡಗಿದರು. ಆದರೆ ಆರು ತಿಂಗಳು ತುಂಬುವ ಮೊದಲೇ, ಜೂನ್ ತಿಂಗಳಲ್ಲಿ, ಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ಆಸ್ಪತ್ರೆ ಬೇಕೆಂದು ಆ ಕಟ್ಟಡವನ್ನು ಕಸಿದುಕೊಳ್ಳಲಾಯಿತು. ಪೆಸ್ಟಲಾಜಿಯು ರಕ್ತ ಕಾರುತ್ತ ಬೆಟ್ಟದ ಸೀಮೆಗೆ ವಿಶ್ರಾಂತಿಗಾಗಿ ಹೋದನು.

ಅದೇ ವರ್ಷ ಬರ್ಗ್‌ಡಾರ್ಫ್ ಎಂಬ ಊರಿನಲ್ಲಿ ಬಡವರ ಮಕ್ಕಳ ಶಾಲೆಯೊಂದರಲ್ಲಿ ಆತನಿಗೆ ಸಹಾಯಕನ ಕೆಲಸವು ದೊರೆಯಿತು. ಆ ಶಾಲೆಯ ಮುಖ್ಯೋಪಾಧ್ಯಾಯನು ಚಮ್ಮಾರ ವೃತ್ತಿಯವನು; ಶಾಲೆಯು ನಡೆಯುತ್ತಿದ್ದುದು ಆತನ ಮನೆಯಲ್ಲಿಯೇ. ಹೊಸಬನ ರೀತಿಯನ್ನು ಕಂಡು ಪೋಷಕರು ಆಕ್ಷೇಪಿಸಿದರು; ಹೊಸ ಪ್ರಯೋಗಗಳನ್ನು ಮಾಡುವುದಾದರೆ ಶ್ರೀಮಂತರ ಮಕ್ಕಳ ಮೇಲೆ ಮಾಡಲೆಂಬುದು ಅವರ ವಾದ. ಕೆಲವು ತಿಂಗಳಲ್ಲಿಯೇ ಮಕ್ಕಳ ಪ್ರಗತಿಯನ್ನು ಪರೀಕ್ಷಿಸಿದ ಸಮಿತಿಯು ಮೆಚ್ಚಲು, ಊರಿನ ಕೋಟೆಯಲ್ಲಿಯೇ ಶಾಲೆಯನ್ನು ತೆರೆಯಲು ಅನುಮತಿಯು ಸಿಕ್ಕಿತು. ಅಲ್ಲಿ ಗೋಡೆಗೆ ಅಂಟಿಸಿದ್ದ ಹಳೆಯ ಕಾಗದವು ಹರಿದು ತೂತು ಬಿದ್ದಿತ್ತು. ಚಿತ್ರಪಟಗಳಿಲ್ಲದ ಗುರುವು ಮಕ್ಕಳನ್ನು ಅದರ ಮುಂದೆ ನಿಲ್ಲಿಸಿ, ತೂತಿನ ಆಕಾರವೇನು, ಉದ್ದವೆಷ್ಟು, ಸುತ್ತಲಿನ ಬಣ್ಣವೇನು, ಅದರ ಹಿಂದೆ ಕಾಣುವುದೇನು ಎಂದು ಗಂಟೆಗಟ್ಟಲೆ ಹೇಳಿಸುತ್ತಿದ್ದನು. ಕಣ್ಣಿಗೆ ಕಂಡದ್ದನ್ನು ನೆಟ್ಟಗೆ ನೋಡಿ, ಎಣಿಸಿ, ಹೆಸರಿಟ್ಟು ಹೇಳಲು ಬಂದರೆ ಉಳಿದ ವಿದ್ಯೆಯು ತಾನಾಗಿ ಹಿಂಬಾಲಿಸುವುದೆಂಬುದು ಆತನ ಮತ. ಸಂಖ್ಯೆ, ಆಕಾರ, ಶಬ್ದ ಈ ಮೂರನ್ನೂ ಸಕಲ ವಿದ್ಯೆಗೆ ತಳಹದಿಯನ್ನಾಗಿ ಇಟ್ಟನು. ನಮ್ಮ ತಾರ್ಕಿಕರು ಪ್ರಮಾಣಗಳಲ್ಲಿ ಪ್ರತ್ಯಕ್ಷಕ್ಕೆ ಮೊದಲ ಸ್ಥಾನವನ್ನು ಕೊಟ್ಟಂತೆಯೇ ಈತನು ಬೋಧನೆಯಲ್ಲಿಯೂ ಕೊಟ್ಟನೆನ್ನಬಹುದು. 1801ರಲ್ಲಿ ಈ ತತ್ತ್ವಗಳನ್ನು ವಿವರಿಸಿದ ಗ್ರಂಥಕ್ಕೂ ಆ ಬಡ ತಾಯಿಯ ಹೆಸರನ್ನೇ ಇಟ್ಟು, ಗೆರ್ಟ್ರೂಡಳು ತನ್ನ ಮಕ್ಕಳಿಗೆ ಕಲಿಸುವ ಬಗೆಯೆಂದು ಕರೆದನು.

1805ರಿಂದ ಇಪ್ಪತ್ತು ವರ್ಷಗಳ ಕಾಲ ಇವೆರ್ಡನ್ ಎಂಬ ಊರಿನ ಹಳೆಯ ಕೋಟೆಯು ಆತನ ವಿದ್ಯಾಪೀಠವಾಯಿತು. ಅಲ್ಲಿ ಭೂಗೋಳದ ಪಾಠವು ನಕ್ಷೆಯಿಂದ ಆರಂಭವಾಗುತ್ತಿರಲಿಲ್ಲ. ಹುಡುಗರು ಸಮೀಪದ ಹೊಳೆಯ ಕಣಿವೆಗೆ ನಡೆದುಹೋಗಿ, ಏರು ತಗ್ಗುಗಳನ್ನು ನೋಡಿ, ದಂಡೆಯ ಜೇಡಿಮಣ್ಣನ್ನು ಹೊತ್ತು ತಂದು, ಮೇಜಿನ ಮೇಲೆ ಆ ಕಣಿವೆಯನ್ನೇ ಮಣ್ಣಿನಲ್ಲಿ ನಿರ್ಮಿಸುತ್ತಿದ್ದರು. ಅದು ಮುಗಿದ ಮೇಲೆಯೇ ನಕ್ಷೆಯನ್ನು ನೋಡುವುದು. ಆಧುನಿಕ ಭೂಗೋಳಶಾಸ್ತ್ರದ ಸ್ಥಾಪಕರಲ್ಲೊಬ್ಬನಾದ ಕಾರ್ಲ್ ರಿಟ್ಟರ್ ಇಲ್ಲಿಗೆ ಬಂದು, ತನ್ನ ಶಾಸ್ತ್ರದ ಕ್ರಮಕ್ಕೆ ಈ ಗುರುವಿಗೆ ತಾನು ಋಣಿಯೆಂದು ಭಾವಿಸಿದನು. ಶಿಶುವಿಹಾರದ ಜನಕನಾದ ಫ್ರೋಬೆಲನು 1808ರಿಂದ 1810ರವರೆಗೆ ಇಲ್ಲಿಯೇ ಇದ್ದನು. ನೆಪೋಲಿಯನ್ನನಿಂದ ಸೋತು ಮಣ್ಣುಮುಕ್ಕಿದ್ದ ಪ್ರಷ್ಯ ದೇಶವು, ಜನತೆಯನ್ನು ಮೇಲೆತ್ತಲು ಈ ವಿದ್ಯೆಯೇ ಸಾಧನವೆಂದು ನಂಬಿ, ತನ್ನ ತರುಣ ಉಪಾಧ್ಯಾಯರನ್ನು ಕಲಿಯಲು ಕಳುಹಿಸಿತು. 1814ರಲ್ಲಿ ಈ ಕೋಟೆಯನ್ನೂ ಸೈನ್ಯದ ಆಸ್ಪತ್ರೆಗಾಗಿ ಕೇಳಿದಾಗ, ವೃದ್ಧನು ಬಾಸೆಲ್ ನಗರಕ್ಕೆ ಹೋಗಿ ರಷ್ಯದ ಚಕ್ರವರ್ತಿಯನ್ನೇ ಕಂಡು ತನ್ನ ಶಾಲೆಯನ್ನು ಉಳಿಸಿಕೊಂಡನು. ಸ್ಟಾನ್ಸಿನಲ್ಲಿ ಆದ ನಷ್ಟವು ಇಲ್ಲಿ ಆಗಲಿಲ್ಲ.

ನಮ್ಮ ನಾಡಿನ ಹೆಸರೂ ಈ ಚರಿತ್ರೆಯಲ್ಲಿ ಒಮ್ಮೆ ಸುಳಿಯುತ್ತದೆ. ಮದರಾಸಿನ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಕನಾಗಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿಯು, ಇಲ್ಲಿನ ಜಗಲಿ ಶಾಲೆಯಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ನೋಡಿ, ಅದನ್ನು ತನ್ನ ಶಾಲೆಗೆ ತಂದುಕೊಂಡನು. ದೊಡ್ಡ ಹುಡುಗರಿಂದ ಚಿಕ್ಕವರಿಗೆ ಪಾಠ ಹೇಳಿಸುವ ಆತನ ಕ್ರಮವು ಮದರಾಸು ಪದ್ಧತಿಯೆಂಬ ಹೆಸರಿನಿಂದ ಇಂಗ್ಲೆಂಡಿನಲ್ಲಿ ಹಬ್ಬಿತು. ಆತನು 1816ರಲ್ಲಿ ಇವೆರ್ಡನ್ನಿಗೆ ಬಂದು ನೋಡಿದನು, ಮೆಚ್ಚಲಿಲ್ಲ. ಕಡಮೆ ಖರ್ಚಿನಲ್ಲಿ ನೂರಾರು ಮಕ್ಕಳಿಗೆ ಒಂದೇ ಸಮನೆ ಅಕ್ಷರವನ್ನು ಬಡಿಸುವುದು ಆತನ ಗುರಿ. ಒಂದೊಂದು ಮಗುವಿನ ಕಣ್ಣು ಕೈ ಹೃದಯಗಳನ್ನು ತೆರೆಯಿಸುವುದು ಈತನ ಗುರಿ. ಸರ್ಕಾರಗಳಿಗೆ ಮೊದಲನೆಯದು ಸುಲಭವಾಗಿ ರುಚಿಸುತ್ತದೆಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕೀರ್ತಿಯು ಹೆಚ್ಚಿದಂತೆಲ್ಲ ಪೆಸ್ಟಲಾಜಿಯ ಮೂಲ ಉದ್ದೇಶವು ದೂರ ಸರಿಯಿತು. ಇವೆರ್ಡನ್ನಿಗೆ ಬಂದವರಲ್ಲಿ ಅನುಕೂಲಸ್ಥರ ಮಕ್ಕಳೇ ಹೆಚ್ಚು. ಗೆರ್ಟ್ರೂಡಳ ಕಿಟಕಿಯ ಗಾಜುಗಳು ಉಪಾಧ್ಯಾಯರ ಕೈಯಲ್ಲಿ ಗೀಟು ಎಳೆದ ಕೋಷ್ಟಕಗಳಾದುವು. ಉರುಹೊಡೆಯುವುದನ್ನು ನಿಲ್ಲಿಸಲು ಹುಟ್ಟಿದ ಕ್ರಮವನ್ನೇ ಕೆಲವರು ಉರುಹೊಡೆಯತೊಡಗಿದರು. 1815ರಲ್ಲಿ ಸಹಧರ್ಮಿಣಿಯಾದ ಅನ್ನಾಳು ತೀರಿಕೊಂಡಳು. ಆಕೆಯ ಮರಣಾನಂತರ ಉಪಾಧ್ಯಾಯರೊಳಗಿನ ಕಲಹವು ನ್ಯಾಯಸ್ಥಾನದ ಮೆಟ್ಟಿಲನ್ನು ಹತ್ತಿತು. 1818ರಲ್ಲಿ ತನ್ನ ಗ್ರಂಥಗಳ ಪ್ರಕಟನೆಯಿಂದ ಬರುವ ಹಣವನ್ನು ನಂಬಿ ಕ್ಲಿಂಡಿ ಎಂಬಲ್ಲಿ ಮತ್ತೆ ಬಡ ಮಕ್ಕಳ ಶಾಲೆಯನ್ನು ತೆರೆದನು. ಅದೂ ಬಹುಕಾಲ ನಿಲ್ಲಲಿಲ್ಲ. 1825ರಲ್ಲಿ ಇವೆರ್ಡನ್ನಿನ ಬಾಗಿಲೂ ಮುಚ್ಚಿತು. ವೃದ್ಧನು ನಾಯ್‌ಹೋಫಿಗೆ ಹಿಂದಿರುಗಿ, 1827ರ ಫೆಬ್ರವರಿ 17ರಂದು ಬ್ರುಗ್ ಎಂಬ ಊರಿನಲ್ಲಿ ಕಾಲವಾದನು. ಬಿರ್ ಗ್ರಾಮದಲ್ಲಿ ಆತನನ್ನು ಹೂಳಿದರು. ಹುಟ್ಟಿ ನೂರು ವರ್ಷಗಳಾದಾಗ, 1846ರಲ್ಲಿ, ಆ ಪ್ರಾಂತದ ಸರ್ಕಾರವು ಅಲ್ಲಿನ ಶಾಲೆಯ ಗೋಡೆಯಲ್ಲಿಯೇ ಸ್ಮಾರಕವನ್ನು ನಿಲ್ಲಿಸಿತು.

ಈ ಚರಿತ್ರೆಯಿಂದ ನಾವು ಗ್ರಹಿಸಬೇಕಾದುದೇನು? ಕೈಗೆಲಸದ ಮೂಲಕ ವಿದ್ಯೆಯೆಂಬ ಮಾತು ನಮ್ಮ ದೇಶಕ್ಕೆ ಹೊಸದಲ್ಲ. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಮಹಾತ್ಮಾ ಗಾಂಧಿಯವರು ಕರೆದ ಸಮ್ಮೇಳನವು ಇದನ್ನೇ ರಾಷ್ಟ್ರದ ಮುಂದಿಟ್ಟಿತು. ಜಾಕೀರ್ ಹುಸೇನರ ಸಮಿತಿಯು ಅದಕ್ಕೆ ಪಠ್ಯಕ್ರಮವನ್ನು ರಚಿಸಿತು. ಗಾಂಧೀಜಿಯವರು ತಮ್ಮ ಸ್ವಂತ ಆಶ್ರಮಗಳ ಅನುಭವದಿಂದ ಈ ನಿರ್ಣಯಕ್ಕೆ ಬಂದವರು. ಆದರೂ ನಾಯ್‌ಹೋಫಿನಲ್ಲಿ ಎದ್ದ ಪ್ರಶ್ನೆಯೇ ಅಲ್ಲಿಯೂ ಎದ್ದಿತು: ಮಕ್ಕಳ ನೂಲಿನಿಂದ ಶಾಲೆಯ ವೆಚ್ಚವು ಸಾಗಬೇಕೆಂದರೆ, ಮಗುವು ಶಿಷ್ಯನಾಗಿ ಉಳಿಯುವುದೋ ಕೂಲಿಯಾಗುವುದೋ? ಪ್ರಶ್ನೆಯು ಇಂದಿಗೂ ಹಳೆಯದಾಗಿಲ್ಲ. 2016ರಲ್ಲಿ ತಿದ್ದುಪಡಿಯಾದ ನಮ್ಮ ಬಾಲಕಾರ್ಮಿಕ ಕಾಯಿದೆಯು ಹದಿನಾಲ್ಕು ವರ್ಷದೊಳಗಿನವರನ್ನು ದುಡಿಮೆಗೆ ಹಚ್ಚುವುದನ್ನು ನಿಷೇಧಿಸಿದೆ. ಆದರೆ ಅಪಾಯಕರವಲ್ಲದ ಕೆಲಸಗಳಲ್ಲಿ, ಶಾಲೆಯ ವೇಳೆಯ ಹೊರಗೆ ಅಥವಾ ರಜೆಯಲ್ಲಿ, ಮಗುವು ಕುಟುಂಬಕ್ಕೂ ಕುಟುಂಬದ ಉದ್ಯಮಕ್ಕೂ ನೆರವಾಗಬಹುದೆಂದು ಬಾಗಿಲನ್ನು ತೆರೆದಿಟ್ಟಿದೆ. ಆ ಬಾಗಿಲಿನಿಂದ ಗೆರ್ಟ್ರೂಡಳ ಮಕ್ಕಳೂ ಒಳಗೆ ಬರಬಹುದು. ಕತ್ತಲೆಯ ಕೋಣೆಯಲ್ಲಿ ಬಾಡಿದ ಮಕ್ಕಳೂ ಬರಬಹುದು. ಇವರನ್ನು ಬೇರ್ಪಡಿಸಿ ಗುರುತಿಸುವುದು ಅಧಿಕಾರಿಗಳ ಧರ್ಮ.

ಗುರುತಿಸುವ ಬಗೆಯು ಕಷ್ಟವಾದುದಲ್ಲ. ಪೆಸ್ಟಲಾಜಿಯ ಬಾಳೇ ಅದನ್ನು ತೋರಿಸಿಕೊಡುತ್ತದೆ. ಕೆಲಸವು ನಡೆಯುವಾಗ ಮಗುವು ಪ್ರಶ್ನೆ ಕೇಳಲು ಅವಕಾಶವಿದೆಯೇ? ಕೇಳಿದರೆ ಉತ್ತರಿಸುವವರು ಪಕ್ಕದಲ್ಲಿದ್ದಾರೆಯೇ? ಕೆಲಸವು ಕೆಟ್ಟರೆ ಏಕೆ ಕೆಟ್ಟಿತೆಂದು ವಿಚಾರಿಸುವರೋ, ನಷ್ಟವಾಯಿತೆಂದು ಗದರಿಸುವರೋ? ಮಗನಿಗೂ ಮಗಳಿಗೂ ಒಂದೇ ಕೆಲಸ, ಒಂದೇ ಪಾಠ ಉಂಟೇ? ಇವಕ್ಕೆ ಉತ್ತರವು ತೃಪ್ತಿಕರವಾಗಿದ್ದರೆ ಅಕ್ಕಿ ಅಳೆಯುವುದೂ ಲೆಕ್ಕ, ಹಾಲಿಗೆ ಹೆಪ್ಪು ಹಾಕುವುದೂ ಶಾಸ್ತ್ರ, ಅಂಗಡಿಗೆ ಹೋಗಿ ಚಿಲ್ಲರೆ ಎಣಿಸಿ ತರುವುದೂ ವ್ಯವಹಾರಜ್ಞಾನ. ತೃಪ್ತಿಕರವಲ್ಲದಿದ್ದರೆ ಅದು ವಿದ್ಯೆಯ ಹೆಸರಿನಲ್ಲಿ ಪಡೆದ ಬಿಟ್ಟಿ ದುಡಿಮೆ.

ಇನ್ನೊಂದು ಮಾತು. ಈ ಮಹಾಶಯನು ಕೊನೆಯವರೆಗೂ ತನ್ನ ಗುರುಗಳೆಂದು ನೆನೆದವರು ಪಂಡಿತರಿಗಿಂತ ಹೆಚ್ಚಾಗಿ ಸ್ತ್ರೀಯರು: ಮಾತು ಕೊಟ್ಟು ಉಳಿಸಿದ ಬಾಬೆಲಿ, ಹಾಳುಮನೆಯಲ್ಲಿ ಒಲೆ ಹೊತ್ತಿಸಿದ ಎಲಿಜಬೆತ್. ಅಂತಹವರು ನಮ್ಮ ಮನೆಗಳಲ್ಲಿಯೂ ಇದ್ದಾರೆ. ಅವರ ಪಕ್ಕದಲ್ಲಿ ದಿನಕ್ಕೆ ಅರ್ಧ ಗಂಟೆ ಮಗುವನ್ನು ಕೆಲಸಕ್ಕೆ ನಿಲ್ಲಿಸಿ, ಎಣಿಸಲೂ ಅಳೆಯಲೂ ಕೇಳಲೂ ಬಿಡುವುದಕ್ಕೆ ಸರ್ಕಾರದ ಅಪ್ಪಣೆಯು ಬೇಕಾಗಿಲ್ಲ, ಹಣವು ಖರ್ಚಾಗುವುದಿಲ್ಲ. ಪಾಠಶಾಲೆಗಳ ಸುಧಾರಣೆಯನ್ನು ಸರ್ಕಾರದಿಂದ ನಿರೀಕ್ಷಿಸುವ ನಮ್ಮ ಪೌರರು ಇಷ್ಟನ್ನಾದರೂ ತಮ್ಮ ಮನೆಗಳಲ್ಲಿ ಈ ದಿನವೇ ಆರಂಭಿಸುವರೆಂದು ನಾವು ಆಶಿಸುತ್ತೇವೆ.